ಪಂಚಾಯಿತಿಯಲ್ಲಿ ಅರ್ಧ, ಲೋಕಸಭೆಯಲ್ಲಿ ಏಳರಲ್ಲೊಂದು

ಗ್ರಾಮ ಪಂಚಾಯಿತಿ ಚುನಾವಣೆಗೆ ಮುನ್ನ ಮೀಸಲಾತಿ ಪಟ್ಟಿ ಹೊರಬಿದ್ದ ದಿನ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ "ನಮ್ಮ ವಾರ್ಡಿಗೆ ಲೇಡೀಸ್ ಬಂದದ" ಎಂಬ ಮಾತು ಕಿವಿಗೆ ಬೀಳುತ್ತದೆ. ಅದನ್ನು ಹೇಳುವವರ ದನಿಯಲ್ಲಿ ಬೇಸರವಿರಬಹುದು, ಲೆಕ್ಕಾಚಾರವಿರಬಹುದು. ಆಶ್ಚರ್ಯ ಮಾತ್ರ ಇರುವುದಿಲ್ಲ. ಏಕೆಂದರೆ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಡುವುದು ಕರ್ನಾಟಕಕ್ಕೆ ಹೊಸತಲ್ಲ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದ ಕಾಲದಲ್ಲಿ ರೂಪುಗೊಂಡ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಕಾಲು ಭಾಗವನ್ನು ಮಹಿಳೆಯರಿಗೆಂದು ಮೀಸಲಿಟ್ಟಿತು, ಮತ್ತು 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಇಡೀ ದೇಶಕ್ಕೆ ಮೂರನೇ ಒಂದು ಭಾಗವೆಂಬ ನಿಯಮವನ್ನು ತಂದಿತು. 2010ರಲ್ಲಿ ರಾಜ್ಯವು ತನ್ನ ಕಾನೂನನ್ನು ತಿದ್ದಿ ಅದನ್ನು ಅರ್ಧಕ್ಕೆ ಏರಿಸಿತು.

ಅದೇ ಕಟ್ಟೆಯ ಮೇಲೆ ಲೋಕಸಭೆ ಚುನಾವಣೆಯ ಕಾಲದಲ್ಲಿ ಅಂಥ ಮಾತು ಎಂದೂ ಕೇಳಿಬಂದಿಲ್ಲ. ಈ ಮೂರು ಜಿಲ್ಲೆಗಳ ಮತದಾರರು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದ್ದಾರೆ. ಬೀದರ್ ಕ್ಷೇತ್ರದಲ್ಲಿ ಆ ಜಿಲ್ಲೆಯ ಜೊತೆಗೆ ಕಲಬುರಗಿ ಜಿಲ್ಲೆಯ ಆಳಂದ ಮತ್ತು ಚಿಂಚೋಳಿ ಸೇರಿವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೂ, ಸುರಪುರ, ಶಹಾಪುರ ಮತ್ತು ಯಾದಗಿರಿ ರಾಯಚೂರು ಕ್ಷೇತ್ರಕ್ಕೂ ಸೇರುತ್ತವೆ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ 2024ರ ಚುನಾವಣೆಯವರೆಗೆ ಈ ಮೂರು ಕ್ಷೇತ್ರಗಳಿಂದ ಒಬ್ಬ ಮಹಿಳೆಯೂ ಲೋಕಸಭೆಗೆ ಆರಿಸಿ ಹೋಗಿಲ್ಲ.

ದೇಶದ ಲೆಕ್ಕ ಇಷ್ಟು ಖಾಲಿಯಲ್ಲ, ಆದರೆ ಹೆಮ್ಮೆಪಡುವಂಥದ್ದೂ ಅಲ್ಲ. ಮೊದಲ ಲೋಕಸಭೆಯಲ್ಲಿ ಮಹಿಳೆಯರ ಪಾಲು ಶೇಕಡಾ 5ರ ಆಸುಪಾಸಿನಲ್ಲಿತ್ತು. 2019ರಲ್ಲಿ 78 ಮಹಿಳೆಯರು ಗೆದ್ದರು, ಅದುವರೆಗಿನ ಅತಿ ಹೆಚ್ಚು ಸಂಖ್ಯೆ ಅದು. 2024ರಲ್ಲಿ ಆ ಸಂಖ್ಯೆ 74ಕ್ಕೆ ಇಳಿಯಿತು. 543ರಲ್ಲಿ 74 ಎಂದರೆ ಶೇಕಡಾ 13.6, ಹೆಚ್ಚುಕಡಿಮೆ ಏಳು ಮಂದಿಯಲ್ಲಿ ಒಬ್ಬರು. ಜಗತ್ತಿನ ಸಂಸತ್ತುಗಳ ಸರಾಸರಿ ಇದರ ಸುಮಾರು ಎರಡರಷ್ಟಿದೆ. ಕರ್ನಾಟಕದ 28 ಸ್ಥಾನಗಳಲ್ಲಿ 2024ರಲ್ಲಿ ಗೆದ್ದ ಮಹಿಳೆಯರು ಮೂವರು: ಬೆಂಗಳೂರು ಉತ್ತರದಿಂದ ಶೋಭಾ ಕರಂದ್ಲಾಜೆ, ಚಿಕ್ಕೋಡಿಯಿಂದ ಪ್ರಿಯಾಂಕಾ ಜಾರಕಿಹೊಳಿ, ದಾವಣಗೆರೆಯಿಂದ ಪ್ರಭಾ ಮಲ್ಲಿಕಾರ್ಜುನ.

ಇದಕ್ಕೆ ಸುಲಭವಾಗಿ ಸಿಗುವ ವಿವರಣೆಯೆಂದರೆ ನಮ್ಮ ಭಾಗ ಹಿಂದುಳಿದದ್ದು, ಇಲ್ಲಿನ ಜನ ಹೆಣ್ಣುಮಕ್ಕಳಿಗೆ ಮತ ಹಾಕುವುದಿಲ್ಲ ಎಂಬುದು. ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಮಹಿಳೆಯರ ಸಾಕ್ಷರತೆ ಶೇಕಡಾ 41ರ ಆಸುಪಾಸಿನಲ್ಲಿತ್ತು ಎಂಬುದು ನಿಜ, ಒಟ್ಟು ಸಾಕ್ಷರತೆಯಲ್ಲಿ ಅದು ರಾಜ್ಯದಲ್ಲೇ ಕೊನೆಯ ಜಿಲ್ಲೆಯಾಗಿತ್ತು ಎಂಬುದೂ ನಿಜ. ಆದರೆ ಆ ಕೊರತೆಯಿಂದ ಈ ಸೊನ್ನೆಯನ್ನು ವಿವರಿಸಲು ಹೊರಟರೆ ಲೆಕ್ಕ ಕೂಡಿಬರುವುದಿಲ್ಲ. ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಲೋಕಸಭಾ ಕ್ಷೇತ್ರದ ಮತದಾರರು ಬಸವರಾಜೇಶ್ವರಿ ಅವರನ್ನು 1984, 1989 ಮತ್ತು 1991ರಲ್ಲಿ, ಸೋನಿಯಾ ಗಾಂಧಿ ಅವರನ್ನು 1999ರಲ್ಲಿ, ಜೆ. ಶಾಂತಾ ಅವರನ್ನು 2009ರಲ್ಲಿ, ಒಟ್ಟು ಐದು ಚುನಾವಣೆಗಳಲ್ಲಿ ಮಹಿಳೆಯರನ್ನು ಗೆಲ್ಲಿಸಿದ್ದಾರೆ. ಕಲಬುರಗಿ ಉತ್ತರ ವಿಧಾನಸಭಾ ಕ್ಷೇತ್ರದಲ್ಲಿ ಖನೀಜ್ ಫಾತಿಮಾ ಅವರು 2018ರಲ್ಲಿಯೂ 2023ರಲ್ಲಿಯೂ ಗೆದ್ದರು. ರಾಯಚೂರು ಲೋಕಸಭಾ ಕ್ಷೇತ್ರದೊಳಗಿನ ದೇವದುರ್ಗದಲ್ಲಿ 2023ರಲ್ಲಿ ಕರೆಮ್ಮ ನಾಯಕ ಅವರು ಗೆದ್ದರು. ಇನ್ನು ಮತ ಹಾಕುವವರ ಮಾತಾದರೆ, 2024ರಲ್ಲಿ ದೇಶದಾದ್ಯಂತ ಮಹಿಳೆಯರ ಮತದಾನ ಪ್ರಮಾಣ ಶೇಕಡಾ 65.78 ಇತ್ತು, ಪುರುಷರದ್ದು 65.55. ಸರತಿಯಲ್ಲಿ ನಿಲ್ಲುವ ವಿಷಯದಲ್ಲಿ ಹೆಣ್ಣುಮಕ್ಕಳು ಈಗ ಹಿಂದಿಲ್ಲ.

ಹಾಗಾದರೆ ಬಾಗಿಲು ಎಲ್ಲಿ ಮುಚ್ಚಿದೆ? 2024ರಲ್ಲಿ ಕಲಬುರಗಿ, ಬೀದರ್, ರಾಯಚೂರು ಮೂರೂ ಕ್ಷೇತ್ರಗಳಲ್ಲಿ ಎರಡು ಮುಖ್ಯ ಪಕ್ಷಗಳು ಕಣಕ್ಕಿಳಿಸಿದ ಆರೂ ಅಭ್ಯರ್ಥಿಗಳು ಪುರುಷರು. ಅಂದರೆ ಮತದಾರರ ಮುಂದೆ ಆ ಆಯ್ಕೆಯೇ ಬರಲಿಲ್ಲ. ಅವರು ತಿರಸ್ಕರಿಸಿದರೆಂದು ಹೇಳುವುದು ಹೇಗೆ? ಇಡೀ ರಾಜ್ಯವನ್ನು ತೆಗೆದುಕೊಂಡರೆ ಕಾಂಗ್ರೆಸ್ 28 ಕ್ಷೇತ್ರಗಳಲ್ಲಿ 6 ಮಹಿಳೆಯರಿಗೆ, ಬಿಜೆಪಿ 25ರಲ್ಲಿ 2 ಮಹಿಳೆಯರಿಗೆ ಟಿಕೆಟ್ ಕೊಟ್ಟಿತು. ಮೂರು ಕಡೆ ಸ್ಪರ್ಧಿಸಿದ ಜೆಡಿಎಸ್ ಒಬ್ಬರಿಗೂ ಕೊಡಲಿಲ್ಲ. ಹೀಗೆ 56 ಟಿಕೆಟುಗಳಲ್ಲಿ 8, ಇಲ್ಲಿಯೂ ಏಳರಲ್ಲೊಂದು. ರಾಷ್ಟ್ರಮಟ್ಟದಲ್ಲಿ ಕಣದಲ್ಲಿದ್ದ ಸುಮಾರು 8,360 ಅಭ್ಯರ್ಥಿಗಳಲ್ಲಿ ಮಹಿಳೆಯರು 800ರ ಹತ್ತಿರ ಇದ್ದರು. ಗೆದ್ದವರ ಪ್ರಮಾಣ ಮಹಿಳಾ ಅಭ್ಯರ್ಥಿಗಳಲ್ಲಿ ಶೇಕಡಾ 9ಕ್ಕಿಂತ ತುಸು ಹೆಚ್ಚು, ಪುರುಷರಲ್ಲಿ ಶೇಕಡಾ 6ರ ಆಸುಪಾಸು. ಠೇವಣಿ ಕಳೆದುಕೊಳ್ಳುವ ಪಕ್ಷೇತರರಲ್ಲಿ ಪುರುಷರೇ ಹೆಚ್ಚಾಗಿರುವುದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ಮಹಿಳೆ ನಿಂತರೆ ಸೋಲು ಖಚಿತವೆಂಬ ಮಾತಿಗೆ ಅದು ಆಧಾರ ಒದಗಿಸುವುದಿಲ್ಲ ಎನ್ನುವಷ್ಟನ್ನು ಹೇಳಬಹುದು.

ಬಸವಕಲ್ಯಾಣದ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ವೇದಿಕೆಗಳ ಮೇಲೆ ಕರೆಯುವುದು ನಮ್ಮ ಕಡೆ ರೂಢಿಯಾಗಿದೆ, ಮತ್ತು ಹಾಗೆ ಕರೆಯುವಾಗ ಅಕ್ಕಮಹಾದೇವಿಯ, ಆಯ್ದಕ್ಕಿ ಲಕ್ಕಮ್ಮನ ಹೆಸರು ಬಾರದೆ ಭಾಷಣ ಮುಗಿಯುವುದಿಲ್ಲ. ಆ ಬಸವಕಲ್ಯಾಣ ಇರುವುದು ಬೀದರ್ ಲೋಕಸಭಾ ಕ್ಷೇತ್ರದಲ್ಲಿಯೇ. ಮಂಟಪದೊಳಗೆ ಹೋಗಲು ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂ ಬೇಕಿರಲಿಲ್ಲ ಎಂಬುದನ್ನು ಮಾತ್ರ ಭಾಷಣಕಾರರು ಹೇಳುವುದಿಲ್ಲ.

ಬಿ ಫಾರಂ ಏಕೆ ಸಿಗುವುದಿಲ್ಲ ಎಂಬುದಕ್ಕೆ ಪಕ್ಷಗಳಲ್ಲಿ ಬಳಕೆಯಲ್ಲಿರುವ ಮಾತೇ ಉತ್ತರ ಕೊಡುತ್ತದೆ: ಅವರಿಗೆ ಬೇಕಾದದ್ದು "ಗೆಲ್ಲುವ ಕುದುರೆ". ಗ್ರಾಮ ಪಂಚಾಯಿತಿಯ ವಾರ್ಡೆಂದರೆ ಕೆಲವು ನೂರು ಮತದಾರರು. ಅಭ್ಯರ್ಥಿ ಮನೆಮನೆಗೆ ಕಾಲ್ನಡಿಗೆಯಲ್ಲಿ ಹೋಗಿ ಬರಬಹುದು. ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ ಸುಮಾರು 20 ಲಕ್ಷ ಮತದಾರರಿದ್ದಾರೆ. ಅಭ್ಯರ್ಥಿಯೊಬ್ಬರು ಮಾಡಬಹುದಾದ ವೆಚ್ಚಕ್ಕೆ ಚುನಾವಣಾ ಆಯೋಗ 2022ರಲ್ಲಿ ನಿಗದಿಪಡಿಸಿದ ಮಿತಿಯೇ 95 ಲಕ್ಷ ರೂಪಾಯಿ. ಹಣ, ಕಾರ್ಯಕರ್ತರ ಪಡೆ, ಎಂಟು ವಿಧಾನಸಭಾ ಕ್ಷೇತ್ರಗಳ ಮುಖಂಡರ ಒಪ್ಪಿಗೆ ಇವೆಲ್ಲ ಮೊದಲೇ ಕೈಯಲ್ಲಿದ್ದವರನ್ನು ಪಕ್ಷ ಹುಡುಕುತ್ತದೆ. ಅಂಥವರಲ್ಲಿ ಹೆಚ್ಚಿನವರು ಪುರುಷರು. ಮಹಿಳೆಗೆ ಟಿಕೆಟ್ ಸಿಕ್ಕಿದಾಗಲೂ ಅದೇ ಗಣಿತ ಕೆಲಸ ಮಾಡುತ್ತದೆ. 2024ರಲ್ಲಿ ರಾಜ್ಯದಲ್ಲಿ ಟಿಕೆಟ್ ಪಡೆದ ಎಂಟು ಮಹಿಳೆಯರಲ್ಲಿ ಹಲವರು ಸಚಿವರ, ಸಂಸದರ, ಮಾಜಿ ಮುಖ್ಯಮಂತ್ರಿಗಳ ಮಗಳೋ ಪತ್ನಿಯೋ ಆಗಿದ್ದರು. ಇದನ್ನು ಅವರ ಮೇಲಿನ ಟೀಕೆಯೆಂದು ನಾನು ಬರೆಯುತ್ತಿಲ್ಲ, ಏಕೆಂದರೆ ಅದೇ ಮನೆಗಳಿಂದ ಬಂದ ಗಂಡುಮಕ್ಕಳ ಪಟ್ಟಿ ಇದಕ್ಕಿಂತ ಉದ್ದವಿದೆ. ಆದರೆ ಮನೆತನದ ಬೆಂಬಲವಿಲ್ಲದ ಪುರುಷನಿಗೆ ಒಂದೆರಡು ಅಡ್ಡದಾರಿಗಳಾದರೂ ಇವೆ, ಮಹಿಳೆಗೆ ಅವೂ ವಿರಳ. ಧಾರವಾಡ ಉತ್ತರದಿಂದ 1962ರಿಂದ ಸತತವಾಗಿ ನಾಲ್ಕು ಬಾರಿ ಗೆದ್ದ ಸರೋಜಿನಿ ಮಹಿಷಿ ಅವರಂಥ ಉದಾಹರಣೆ ನಮ್ಮ ರಾಜ್ಯದಲ್ಲಿ ಹೆಚ್ಚು ಸಿಗುವುದಿಲ್ಲ.

ಚುನಾವಣಾ ಪದ್ಧತಿಯ ಪಾತ್ರವೂ ಇದರಲ್ಲಿದೆ. ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ ಸದಸ್ಯರು, ಹೀಗಾಗಿ ಪಕ್ಷವೊಂದು ಮಹಿಳೆಗೆ ಟಿಕೆಟ್ ಕೊಟ್ಟಿತೆಂದರೆ ಅಲ್ಲಿ ಕಾದು ಕುಳಿತಿದ್ದ ಪುರುಷನೊಬ್ಬನಿಗೆ ತಪ್ಪಿಸಿತೆಂದೇ ಅರ್ಥ. ಯುರೋಪಿನ ಅನೇಕ ದೇಶಗಳಲ್ಲಿರುವಂತೆ ಪಕ್ಷಗಳು ಹೆಸರುಗಳ ಉದ್ದನೆಯ ಪಟ್ಟಿ ಕೊಟ್ಟು, ಪಡೆದ ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಪಡೆಯುವ ಕಡೆ, ಪಟ್ಟಿಯಲ್ಲಿ ಒಬ್ಬ ಪುರುಷ ಒಬ್ಬ ಮಹಿಳೆ ಎಂದು ಹೆಸರು ಪೋಣಿಸುವುದು ಅಷ್ಟು ಕಷ್ಟವಲ್ಲ. ರುವಾಂಡಾ ದೇಶದ ಕೆಳಮನೆಯಲ್ಲಿ ಮಹಿಳೆಯರ ಪಾಲು ಶೇಕಡಾ 60ನ್ನು ದಾಟಿರುವುದಕ್ಕೆ 80ರಲ್ಲಿ 24 ಸ್ಥಾನಗಳ ಮೀಸಲಿನ ಜೊತೆಗೆ ಈ ಪಟ್ಟಿ ಪದ್ಧತಿಯೂ ಕಾರಣ. ಪಾಕಿಸ್ತಾನ, ಬಾಂಗ್ಲಾದೇಶಗಳು ಬೇರೆ ದಾರಿ ಹಿಡಿದವು: ಸಾಮಾನ್ಯ ಕ್ಷೇತ್ರಗಳನ್ನು ಹಾಗೆಯೇ ಬಿಟ್ಟು, ಮಹಿಳೆಯರಿಗೆಂದು ಪ್ರತ್ಯೇಕ ಸ್ಥಾನಗಳನ್ನು ಸೇರಿಸಿ, ಪಕ್ಷಗಳ ಬಲಕ್ಕೆ ಅನುಗುಣವಾಗಿ ಹಂಚಿದವು. ಆ ವ್ಯವಸ್ಥೆಯ ದೋಷ ಸ್ಪಷ್ಟ. ಹಾಗೆ ಬಂದ ಸದಸ್ಯೆಗೆ ತನ್ನದೆನ್ನುವ ಊರಿಲ್ಲ, ಮತದಾರರಿಲ್ಲ, ಉತ್ತರಿಸಬೇಕಾದದ್ದು ಪಕ್ಷದ ನಾಯಕರಿಗೆ ಮಾತ್ರ. ಪಕ್ಷಗಳು ತಾವಾಗಿಯೇ ಟಿಕೆಟ್ ಹೆಚ್ಚಿಸುವುದು ಮೂರನೆಯ ದಾರಿ. ಒಡಿಶಾದ ಬಿಜು ಜನತಾದಳ 2019ರಲ್ಲಿ 21ರಲ್ಲಿ 7 ಮಹಿಳೆಯರನ್ನು ನಿಲ್ಲಿಸಿ ಐವರನ್ನು ಗೆಲ್ಲಿಸಿಕೊಂಡಿತು. 2024ರಲ್ಲಿ ತೃಣಮೂಲ ಕಾಂಗ್ರೆಸ್ಸಿನ 29 ಸದಸ್ಯರಲ್ಲಿ 11 ಮಂದಿ ಮಹಿಳೆಯರು. ಮನಸ್ಸು ಮಾಡಿದ ಪಕ್ಷಕ್ಕೆ ಕಾನೂನಿನ ಒತ್ತಾಯ ಬೇಕಿಲ್ಲ ಎಂಬುದು ಇದರಿಂದ ತಿಳಿಯುತ್ತದೆ, ಮನಸ್ಸು ಮಾಡುವ ಪಕ್ಷಗಳು ಎಷ್ಟು ಕಡಿಮೆ ಎಂಬುದೂ.

ಭಾರತ ಆರಿಸಿಕೊಂಡದ್ದು ನಾಲ್ಕನೆಯ ದಾರಿ, ಅಂದರೆ ಪಂಚಾಯಿತಿಯಲ್ಲಿ ನಾವು ಬಲ್ಲ ದಾರಿ: ಕ್ಷೇತ್ರಗಳನ್ನೇ ಮೀಸಲಿಟ್ಟು, ಅಲ್ಲಿ ಮಹಿಳೆಯರು ಮಾತ್ರ ಸ್ಪರ್ಧಿಸುವಂತೆ ಮಾಡುವುದು. ಈ ಮಸೂದೆಯನ್ನು ಮೊದಲು ಲೋಕಸಭೆಯಲ್ಲಿ ಮಂಡಿಸಿದ್ದು 1996ರ ಸೆಪ್ಟೆಂಬರ್‌ನಲ್ಲಿ, ಎಚ್.ಡಿ. ದೇವೇಗೌಡ ಅವರು ಪ್ರಧಾನಿಯಾಗಿದ್ದಾಗ. ಗೀತಾ ಮುಖರ್ಜಿ ಅವರ ಅಧ್ಯಕ್ಷತೆಯ ಜಂಟಿ ಸಮಿತಿ ಅದನ್ನು ಪರಿಶೀಲಿಸಿ ಅದೇ ವರ್ಷ ವರದಿ ಕೊಟ್ಟಿತು, ಆದರೆ ಮಸೂದೆ ಮುಂದೆ ಸಾಗಲಿಲ್ಲ. 1998ರಲ್ಲಿ ಮತ್ತೆ ತಂದಾಗ ಸದನದಲ್ಲಿಯೇ ಅದರ ಪ್ರತಿಯನ್ನು ಕಿತ್ತು ಹರಿಯಲಾಯಿತು. 2010ರ ಮಾರ್ಚ್ 9ರಂದು ರಾಜ್ಯಸಭೆ 186 ಮತಗಳಿಂದ ಅಂಗೀಕರಿಸಿದ ಮಸೂದೆ ಲೋಕಸಭೆಯಲ್ಲಿ ಚರ್ಚೆಗೇ ಬಾರದೆ 2014ರಲ್ಲಿ ಬಿದ್ದುಹೋಯಿತು. ಕೊನೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆ 454 ಮತಗಳಿಂದ, ಮರುದಿನ ರಾಜ್ಯಸಭೆ 214 ಮತಗಳಿಂದ ಒಪ್ಪಿಗೆ ಕೊಟ್ಟವು. ಸಂವಿಧಾನದ 106ನೇ ತಿದ್ದುಪಡಿ ಎಂದು, ನಾರಿ ಶಕ್ತಿ ವಂದನ ಅಧಿನಿಯಮವೆಂಬ ಹೆಸರಿನಲ್ಲಿ ಅದು ಕಾಯ್ದೆಯಾಯಿತು. ಲೋಕಸಭೆಯಲ್ಲಿ ವಿರುದ್ಧ ಬಿದ್ದದ್ದು ಎರಡೇ ಮತ.

ಕಾಯ್ದೆಯ ತಿರುಳು ಚಿಕ್ಕದು. ಲೋಕಸಭೆಯ ಮತ್ತು ವಿಧಾನಸಭೆಗಳ ಒಟ್ಟು ಸ್ಥಾನಗಳಲ್ಲಿ ಸಾಧ್ಯವಾದಷ್ಟು ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಈಗಾಗಲೇ ಮೀಸಲಿರುವ ಸ್ಥಾನಗಳಲ್ಲಿಯೂ ಮೂರನೇ ಒಂದು ಭಾಗ ಆಯಾ ಸಮುದಾಯದ ಮಹಿಳೆಯರಿಗೆ. ಜನರಿಗೆ ಗೊಂದಲವಾಗುವುದು ಈ ಎರಡನೆಯ ಮಾತಿನಲ್ಲಿ. ಈಗಿನ 543 ಸ್ಥಾನಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿದರೆ ಮೂರನೇ ಒಂದು ಭಾಗವೆಂದರೆ 181. ಪರಿಶಿಷ್ಟ ಜಾತಿಯ 84ರಲ್ಲಿ 28, ಪರಿಶಿಷ್ಟ ಪಂಗಡದ 47ರಲ್ಲಿ ಸುಮಾರು 16 ಈ 181ರ ಒಳಗೇ ಬರುತ್ತವೆ, ಹೊರಗೆ ಅಲ್ಲ. ಉಳಿದ 137 ಸಾಮಾನ್ಯ ಕ್ಷೇತ್ರಗಳಿಂದ ಬರಬೇಕು. ನಮ್ಮ ಮೂರು ಕ್ಷೇತ್ರಗಳು ಈ ಮೂರೂ ಬಗೆಗೆ ಒಂದೊಂದು ಮಾದರಿಯಂತಿವೆ: ಕಲಬುರಗಿ ಪರಿಶಿಷ್ಟ ಜಾತಿಗೆ ಮೀಸಲು, ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲು, ಬೀದರ್ ಸಾಮಾನ್ಯ. ಕಲಬುರಗಿ ಮಹಿಳಾ ಮೀಸಲಿನ ಪಟ್ಟಿಗೆ ಬಂತೆಂದರೆ ಅಲ್ಲಿ ಪರಿಶಿಷ್ಟ ಜಾತಿಯ ಮಹಿಳೆ ಮಾತ್ರ ನಿಲ್ಲಬಹುದು. ಬೀದರ್ ಬಂದರೆ ಯಾವ ಸಮುದಾಯದ ಮಹಿಳೆಯಾದರೂ ನಿಲ್ಲಬಹುದು. ಹಳ್ಳಿಯಲ್ಲಿ "ಎಸ್ಸಿ ಲೇಡೀಸ್", "ಜನರಲ್ ಲೇಡೀಸ್" ಎಂದು ಗುರುತಿಸುವುದು ಇದನ್ನೇ. ರಾಜ್ಯಸಭೆಗೆ ಮತ್ತು ವಿಧಾನ ಪರಿಷತ್ತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಆದರೆ ಯಾವ ಕ್ಷೇತ್ರ, ಯಾವಾಗ ಎಂಬುದನ್ನು ಕಾಯ್ದೆ ಹೇಳಿಲ್ಲ. 2023ರ ಪಠ್ಯದ ಪ್ರಕಾರ ಕಾಯ್ದೆ ಜಾರಿಗೆ ಬಂದ ಮೇಲೆ ನಡೆಯುವ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗಬೇಕು, ಅದನ್ನು ಆಧರಿಸಿ ಕ್ಷೇತ್ರಗಳ ಮರುವಿಂಗಡಣೆ ಆಗಬೇಕು, ಆ ಬಳಿಕವಷ್ಟೇ ಮೀಸಲು ಅನ್ವಯ. ಸರ್ಕಾರದ 2025ರ ಅಧಿಸೂಚನೆ ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನಾಂಕವೆಂದು ಗೊತ್ತುಮಾಡಿದೆ. ಮರುವಿಂಗಡಣೆಯಂತೂ ತನ್ನಷ್ಟಕ್ಕೇ ಒಂದು ದೊಡ್ಡ ಜಗಳದ ವಿಷಯ, ಏಕೆಂದರೆ ರಾಜ್ಯಗಳಿಗೆ ಲೋಕಸಭಾ ಸ್ಥಾನಗಳನ್ನು ಹಂಚಿರುವುದು 1971ರ ಜನಸಂಖ್ಯೆಯ ಆಧಾರದ ಮೇಲೆ. ಅದನ್ನು ಬದಲಿಸಿದರೆ ಜನಸಂಖ್ಯೆ ನಿಯಂತ್ರಿಸಿದ ದಕ್ಷಿಣದ ರಾಜ್ಯಗಳ ತೂಕ ಕಡಿಮೆಯಾಗುತ್ತದೆ ಎಂಬ ಆತಂಕವಿದೆ. ಮಹಿಳಾ ಮೀಸಲಾತಿಯನ್ನು ಈ ಜಗಳದ ಬಾಲಕ್ಕೆ ಕಟ್ಟಿದ್ದು ಅನಿವಾರ್ಯವಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. 2010ರಲ್ಲಿ ರಾಜ್ಯಸಭೆ ಒಪ್ಪಿದ ಮಸೂದೆಯಲ್ಲಿ ಅಂಥ ಷರತ್ತು ಇರಲಿಲ್ಲ. ತಿದ್ದುಪಡಿಗೂ ಅದರ ಫಲಕ್ಕೂ ನಡುವೆ ಅಂತರವಿರುವುದು ನಮ್ಮ ಭಾಗದವರಿಗೆ ಅಪರಿಚಿತವಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿಗೆ ಸಂಸತ್ತು 2012ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರೂ ಉದ್ಯೋಗ ಮತ್ತು ಪ್ರವೇಶದ ಮೀಸಲಾತಿ ಆದೇಶಗಳು ಬಂದದ್ದು 2013ರ ನವೆಂಬರ್‌ನಲ್ಲಿ. ಅಲ್ಲಿ ಕಾಯಬೇಕಾದದ್ದು ಒಂದು ವರ್ಷಕ್ಕೂ ಕಡಿಮೆ.

ಮರುವಿಂಗಡಣೆ ಒಂದು ಊರಿನ ರಾಜಕೀಯವನ್ನು ಹೇಗೆ ತಲೆಕೆಳಗು ಮಾಡುತ್ತದೆಂಬುದಕ್ಕೂ ಉದಾಹರಣೆ ಇಲ್ಲಿಯೇ ಇದೆ. 2008ರಲ್ಲಿ ಹೊಸ ಗಡಿಗಳು ಜಾರಿಗೆ ಬಂದಾಗ, ಅಲ್ಲಿಯವರೆಗೆ ಸಾಮಾನ್ಯವಾಗಿದ್ದ ಕಲಬುರಗಿ ಪರಿಶಿಷ್ಟ ಜಾತಿಗೆ ಮೀಸಲಾಯಿತು, ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಬೀದರ್ ಸಾಮಾನ್ಯವಾಯಿತು, ಸಾಮಾನ್ಯವಾಗಿದ್ದ ರಾಯಚೂರು ಪರಿಶಿಷ್ಟ ಪಂಗಡಕ್ಕೆ ಹೋಯಿತು. ಗುರುಮಠಕಲ್ ವಿಧಾನಸಭಾ ಕ್ಷೇತ್ರದ ಮೀಸಲು ತೆರವಾಗಿ ಚಿತ್ತಾಪುರ ಮೀಸಲಾದ ಕಾರಣ, 1972ರಿಂದ ಗುರುಮಠಕಲ್ಲನ್ನೇ ನೆಚ್ಚಿಕೊಂಡಿದ್ದ ಮಲ್ಲಿಕಾರ್ಜುನ ಖರ್ಗೆ ಅವರು ಚಿತ್ತಾಪುರಕ್ಕೆ ಬಂದರು, ಮರುವರ್ಷ ಕಲಬುರಗಿಯಿಂದ ಲೋಕಸಭೆಗೆ ಹೋದರು. ಅದೇ 2009ರಲ್ಲಿ ಕಲಬುರಗಿ ಜಿಲ್ಲೆಯವರಾದ ಧರ್ಮಸಿಂಗ್ ಅವರು ಬೀದರಿನಿಂದ ಗೆದ್ದರು. ನೆಲೆಯುಳ್ಳ ನಾಯಕರಿಗೆ ಪಕ್ಕದ ಕ್ಷೇತ್ರಕ್ಕೆ ದಾಟುವ ಶಕ್ತಿಯಿರುತ್ತದೆ. ಮಹಿಳಾ ಮೀಸಲು ಬಂದಾಗಲೂ ಹೀಗೆಯೇ ದಾಟುವವರು ಇರುತ್ತಾರೆ. ದಾಟಲಾರದವರು ಮನೆಯೊಳಗೆ ಅಭ್ಯರ್ಥಿಯನ್ನು ಹುಡುಕುತ್ತಾರೆ.

ಪರಿಶಿಷ್ಟರ ಮೀಸಲಿಗೂ ಮಹಿಳಾ ಮೀಸಲಿಗೂ ಇರುವ ಒಂದು ಮೂಲ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಪರಿಶಿಷ್ಟ ಜಾತಿಗೆ ಕ್ಷೇತ್ರ ಮೀಸಲಿಡುವಾಗ ಆ ಸಮುದಾಯದ ಜನಸಂಖ್ಯೆ ಎಲ್ಲಿ ಹೆಚ್ಚಿದೆ ಎಂದು ನೋಡಬಹುದು. ಮಹಿಳೆಯರು ಎಲ್ಲ ಕ್ಷೇತ್ರಗಳಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟಿರುವುದರಿಂದ ಬೀದರೇ ಏಕೆ, ಬಾಗಲಕೋಟೆ ಏಕಲ್ಲ ಎಂಬ ಪ್ರಶ್ನೆಗೆ ಜನಸಂಖ್ಯೆಯಿಂದ ಉತ್ತರ ಸಿಗದು. ಆದ್ದರಿಂದ ಸರದಿ ಬೇಕಾಗುತ್ತದೆ. 1996ರ ಮಸೂದೆ ಪ್ರತಿ ಚುನಾವಣೆಗೂ ಸರದಿ ಬದಲಿಸಬೇಕೆಂದಿತ್ತು. 2023ರ ಕಾಯ್ದೆ ಪ್ರತಿ ಮರುವಿಂಗಡಣೆಯ ಬಳಿಕ ಬದಲಿಸಬೇಕೆನ್ನುತ್ತದೆ. ಎರಡನೆಯದೇ ಉತ್ತಮವೆಂದು ನನಗೆ ಅನಿಸುತ್ತದೆ. ಐದು ವರ್ಷಕ್ಕೊಮ್ಮೆ ಕ್ಷೇತ್ರ ಕೈತಪ್ಪುವುದಾದರೆ ಸಂಸದೆಗೆ ಅಲ್ಲಿ ಬೇರೂರುವ ಆಸಕ್ತಿ ಉಳಿಯುವುದಿಲ್ಲ, ಅವಳನ್ನು ಕೆಲಸದ ಮೇಲೆ ಅಳೆಯುವ ಅವಕಾಶ ಮತದಾರರಿಗೂ ಸಿಗುವುದಿಲ್ಲ. ಪಂಚಾಯಿತಿ ಅಧ್ಯಕ್ಷ ಸ್ಥಾನದ ಮೀಸಲು ಎರಡೂವರೆ ವರ್ಷಕ್ಕೊಮ್ಮೆ ಬದಲಾಗುವುದನ್ನು ಕಂಡವರಿಗೆ ಇದು ಹೇಳದೆಯೂ ಗೊತ್ತು: ಕೆಲಸ ಕಲಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಮೀಸಲು ತೆರವಾದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಮುಂಬೈ ಮಹಾನಗರ ಪಾಲಿಕೆಯ ಅಧ್ಯಯನವೊಂದು ಉಪಯುಕ್ತ. 1997ರಲ್ಲಿ ಮಹಿಳೆಯರಿಗೆ ಮೀಸಲಾಗಿದ್ದ ವಾರ್ಡುಗಳು 2002ರಲ್ಲಿ ಸಾಮಾನ್ಯವಾದಾಗಲೂ, ಎಂದೂ ಮೀಸಲಾಗಿರದ ವಾರ್ಡುಗಳಿಗೆ ಹೋಲಿಸಿದರೆ ಅಲ್ಲಿ ಮಹಿಳೆ ಗೆಲ್ಲುವ ಸಂಭವ ಸುಮಾರು ಐದು ಪಟ್ಟು ಹೆಚ್ಚಿತ್ತು. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಅಧ್ಯಯನ ಮಾಡಿದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ, ಮಹಿಳೆಯರು ಮುಖ್ಯಸ್ಥರಾಗಿದ್ದ ಕಡೆ ಕುಡಿಯುವ ನೀರಿನ ಕೆಲಸಗಳಿಗೆ ಹೆಚ್ಚು ಹಣ ಹೋಗಿತ್ತೆಂದು 2004ರಲ್ಲಿ ತೋರಿಸಿದರು. ಸಭೆಯಲ್ಲಿ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಕುಳಿತು ಎಲ್ಲದಕ್ಕೂ ಉತ್ತರಿಸುವ ದೃಶ್ಯವನ್ನು ನಾವೆಲ್ಲ ನೋಡಿದ್ದೇವೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದು ಸಂಸತ್ತಿನಲ್ಲಿ ಅದೇ ರೂಪದಲ್ಲಿ ನಡೆಯದು, ಲೋಕಸಭೆಯ ಸಭಾಂಗಣದೊಳಗೆ ಸದಸ್ಯರ ಗಂಡಂದಿರಿಗೆ ಕುರ್ಚಿಯಿಲ್ಲ.

2023ರಲ್ಲಿ ವಿರುದ್ಧ ಬಿದ್ದ ಆ ಎರಡು ಮತಗಳು ಅಸದುದ್ದೀನ್ ಒವೈಸಿ ಅವರ ಪಕ್ಷದವು. ಹಿಂದುಳಿದ ವರ್ಗಗಳ ಮತ್ತು ಮುಸ್ಲಿಂ ಮಹಿಳೆಯರಿಗೆ ಒಳಮೀಸಲು ಇಲ್ಲವೆಂಬುದು ಅವರ ಆಕ್ಷೇಪ. ಮಸೂದೆಯ ಪರವಾಗಿ ಮತ ಹಾಕಿದವರಲ್ಲಿಯೂ ಅನೇಕರು ಹಿಂದುಳಿದ ವರ್ಗಗಳ ಮಹಿಳೆಯರ ಒಳಮೀಸಲನ್ನು ಕೇಳಿದರು. ಲೋಕಸಭೆಯಲ್ಲಿ ಹಿಂದುಳಿದ ವರ್ಗಗಳಿಗೆ ಸಂವಿಧಾನ ಸ್ಥಾನ ಮೀಸಲಿಟ್ಟಿಲ್ಲ, ಆದ್ದರಿಂದ ಅದರೊಳಗೆ ಮಹಿಳೆಯರ ಪಾಲನ್ನು ತೆಗೆಯುವ ಪ್ರಶ್ನೆ ಬರುವುದಿಲ್ಲ ಎಂಬುದು ಕಾನೂನಿನ ಉತ್ತರ. ಆ ಉತ್ತರ ಸರಿಯಾದದ್ದೇ, ಆದರೆ ಸಾಲದು. ಬೀದರ್‌ನಂಥ ಸಾಮಾನ್ಯ ಕ್ಷೇತ್ರ ಮಹಿಳೆಯರಿಗೆ ಬಂದಾಗ ಟಿಕೆಟ್ ಯಾವ ಮನೆಯ, ಯಾವ ಜಾತಿಯ ಮಹಿಳೆಗೆ ಹೋಗುತ್ತದೆಂಬುದು ಮತ್ತೆ ಅದೇ ಗೆಲ್ಲುವ ಕುದುರೆಯ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಕರ್ನಾಟಕದ ಪಂಚಾಯಿತಿ ಕಾನೂನಿನಲ್ಲಿ ಹಿಂದುಳಿದ ವರ್ಗಗಳ ಸ್ಥಾನಗಳೊಳಗೂ ಮಹಿಳೆಯರಿಗೆ ಪಾಲಿದೆ. ಸಂಸತ್ತಿನ ಕಾನೂನಿನಲ್ಲಿ ಅದಿಲ್ಲ.

ಮೀಸಲಾತಿಯ ಅವಧಿ ಹದಿನೈದು ವರ್ಷ, ಅದನ್ನು ವಿಸ್ತರಿಸುವುದು ಸಂಸತ್ತಿಗೆ ಬಿಟ್ಟದ್ದು. ಆ ಅವಧಿಯಲ್ಲಿ ಹೆಚ್ಚು ಬದಲಾಗುವುದು ಬಹುಶಃ ಲೋಕಸಭೆಗಿಂತ ವಿಧಾನಸಭೆ, ಏಕೆಂದರೆ ಲೋಕಸಭೆಗೆ ಹೋಗುವ ಮುನ್ನ ಹೆಚ್ಚಿನವರು ಹತ್ತುವ ಮೆಟ್ಟಿಲು ಅದೇ. ಪಂಚಾಯಿತಿಯಲ್ಲಿ ಅರ್ಧದಷ್ಟಿರುವ ಮಹಿಳೆಯರು ಮುಂದಿನ ಹಂತಕ್ಕೆ ಬಾರದೆ ಅಲ್ಲಿಯೇ ಉಳಿದುಬಿಡುವುದು ಈ ಮೆಟ್ಟಿಲು ಇಲ್ಲದ್ದರಿಂದ. ಕರ್ನಾಟಕದ 224 ಶಾಸಕರಲ್ಲಿ 2023ರಲ್ಲಿ ಗೆದ್ದ ಮಹಿಳೆಯರು 10 ಮಂದಿ. ಕಾಯ್ದೆ ಜಾರಿಯಾದರೆ ಈಗಿನ ಸ್ಥಾನಗಳ ಲೆಕ್ಕದಲ್ಲಿ ಅದು ಸುಮಾರು 75 ಆಗಬೇಕು. ಕಲಬುರಗಿ, ಬೀದರ್, ರಾಯಚೂರು ಲೋಕಸಭಾ ಕ್ಷೇತ್ರಗಳಲ್ಲಿ ಒಟ್ಟು 24 ವಿಧಾನಸಭಾ ಕ್ಷೇತ್ರಗಳಿವೆ. ಸರಾಸರಿಯ ಪ್ರಕಾರ ಅವುಗಳಲ್ಲಿ ಎಂಟು ಮಹಿಳೆಯರಿಗೆ ಬರುತ್ತವೆ; 2023ರಲ್ಲಿ ಗೆದ್ದವರು ಕಲಬುರಗಿ ಉತ್ತರದಲ್ಲಿ ಒಬ್ಬರು, ದೇವದುರ್ಗದಲ್ಲಿ ಒಬ್ಬರು.